ತುಟಿ ಎತ್ತಿ ನೋಡಬೇಡಿ

ಜೂನ್ ಎರಡು. ಬೈತಖೋಲದಲ್ಲಿ ಬೋಟುಗಳೆಲ್ಲ
ಮೂಗಿಗೆ ಮೂಗು ತಾಗಿಸಿ ನಿಂತಿವೆ.
ಅರವತ್ತೊಂದು ದಿನ ಬಲೆ ಇಳಿಸುವಂತಿಲ್ಲ,
ಮೀನು ಮೊಟ್ಟೆಯಿಡುವ ಕಾಲ.
ಅದಕ್ಕೇ ಈಗ ಬಂದಿದ್ದಾನೆ ಪುರಸೋ ತಾಂಡೇಲ,
"ಬಾಯಿ, ಇನ್ನು ಕೊಯ್ದುಬಿಡಿ" ಎನ್ನುತ್ತ.

ಅವನ ಕೊಂಕಣಿಯಲ್ಲಿ ಬಾಯಿ ಎಂದರೆ ನಾನು.
ನನ್ನ ಕನ್ನಡದಲ್ಲಿ ಬಾಯಿ ಎಂದರೆ ಅವನದು.
ಕೋಡಿಬಾಗ ರಸ್ತೆಯಲ್ಲಿ ಹದಿನಾಲ್ಕು ವರ್ಷದಿಂದ
ಈ ಗೊಂದಲದ ಮೇಲೇ ನನ್ನ ದವಾಖಾನೆ ನಡೆದಿದೆ.

ಹತ್ತೊಂಬತ್ತರ ಹರೆಯದಲ್ಲಿ ವಿಂಚಿನ ಹಗ್ಗ ಹರಿದು
ಮೇಲ್ದವಡೆಗೆ ಬಡಿದಿತ್ತಂತೆ.
ಹಲ್ಲು ಬೀಳಲಿಲ್ಲ. ನಿಂತಲ್ಲೇ ಸತ್ತಿತು.
ಬೇರಿನ ನಾಳ ತೊಳೆದು ತುಂಬಿದ್ದಾಯಿತು ಎರಡು ಸಲ,
ಒಮ್ಮೆ ಮಡಗಾಂವದಲ್ಲಿ ಯಾರೋ, ಒಮ್ಮೆ ನಾನೇ.
ಆದರೂ ಒಸಡಿನ ಮೇಲೊಂದು ಗುಳ್ಳೆ
ಉಬ್ಬುವುದು, ಒಡೆಯುವುದು, ಇಳಿಯುವುದು.
"ಭರತಿ, ಇಳಿತ" ಎಂದು ಅವನೇ ನಕ್ಕ.

ಒಸಡನ್ನು ಲಕೋಟೆಯ ಮುಚ್ಚಳದಂತೆ ಮೇಲೆತ್ತಿದೆ.
ಮೂಳೆಯಲ್ಲಿ ಮೊದಲೇ ತೂತಿತ್ತು, ನಾನು ಕೊರೆದದ್ದು ಸ್ವಲ್ಪ.
ಕೊಳೆ ಕೆರೆದೆ. ಬೇರಿನ ತುದಿಯನ್ನು
ಮೂರು ಮಿಲಿಮೀಟರ್ ಕತ್ತರಿಸಿ ತೆಗೆದೆ,
ಕತ್ತರಿಸಿದ ಕಡೆ ಬಿಳಿ ಸಿಮೆಂಟು ಮೆತ್ತಿದೆ.
ಉಳಿದ ಗುಂಡಿಗೆ ಏನೂ ಹಾಕಲಿಲ್ಲ.
ರಕ್ತ ತುಂಬಲಿ ಎಂದು ಕಾದೆ.
ತುಂಬಿತು.
ನನ್ನ ಕೆಲಸ ಅಷ್ಟೇ. ನಿಜ ಹೇಳುವುದಾದರೆ
ವಾಸಿ ಮಾಡುವವರು ಯಾರೂ ಆ ಕೋಣೆಯಲ್ಲಿರಲಿಲ್ಲ.

ನಾಲ್ಕು ಹೊಲಿಗೆ. ಮರಗಟ್ಟಿದ ತುಟಿಯಲ್ಲೇ ಕನ್ನಡಿ ಕೇಳಿ ಇಸಕೊಂಡು
ಬಲೆ ಪರೀಕ್ಷಿಸುವ ಕಣ್ಣಿನಿಂದ ನೋಡಿ ಹೇಳಿದ,
"ಗಂಟು ಅಡ್ಡಿಯಿಲ್ಲ. ದಾರ ಮಾತ್ರ ಭಾರೀ ಸಣ್ಣದು."

ಮಂಜುಗಡ್ಡೆ ಒತ್ತಿಕೊಳ್ಳಿ. ಗಂಜಿ ಆರಿಸಿ ಕುಡಿಯಿರಿ.
ಬೀಡಿ ಬೇಡ, ಮುಳ್ಳಿನ ಮೀನು ಬೇಡ.
ಇದೇ ಕೊನೆ ಸಲ ನೋಡಿದ್ದು. ಇನ್ನು ಏನೇ ಅನ್ನಿಸಿದರೂ
ತುಟಿ ಎತ್ತಿ ನೋಡಬೇಡಿ, ಹೊಲಿಗೆ ಎಳೆಯುತ್ತದೆ.
"ನೋಡದೆ ಹ್ಯಾಗೆ ತಿಳೀತದೆ ಬಾಯಿ,
ಒಳಗೆ ಕೆಲಸ ಆಗ್ತಾ ಉಂಟೋ ಇಲ್ವೋ?"

ಅದೇ ರಾತ್ರಿ ಒಸಡಿನ ಅಂಚುಗಳು
ಕತ್ತಲಲ್ಲಿ ಒಂದನ್ನೊಂದು ತಡವಿ ಹಿಡಿದಿರಬೇಕು.
ಹೆಪ್ಪುಗಟ್ಟಿದ ರಕ್ತದೊಳಕ್ಕೆ ಕೂದಲಿಗಿಂತ ಸಣ್ಣ ನಾಳಗಳು
ದಾರಿ ಕೇಳದೆ ನಡೆದಿರಬೇಕು.
ಎರಡನೇ ವಾರಕ್ಕೆ ಗುಂಡಿಯ ಗೋಡೆಯಲ್ಲಿ
ಎಳನೀರಿನ ಗಂಜಿಯಂಥ ಹೊಸ ಮೂಳೆ ಕೂತಿರಬೇಕು.
ಬೇಕು, ಬೇಕು ಎನ್ನುತ್ತಿದ್ದೇನೆ.
ನಾನೂ ನೋಡಿಲ್ಲ.
ಪುಸ್ತಕದ ಚಿತ್ರಗಳಲ್ಲಿರುವುದು ನಾಯಿಯ ದವಡೆ, ಕೋತಿಯ ದವಡೆ,
ಮೂರನೇ ದಿನಕ್ಕೊಂದು, ಹದಿನಾಲ್ಕನೇ ದಿನಕ್ಕೊಂದು
ಲೆಕ್ಕ ಹಾಕಿ ಕೊಂದು
ತುಟಿ ಎತ್ತಿ ನೋಡಿದ್ದು.

ಐದನೇ ದಿನ ದಾರ ಬಿಚ್ಚಿದೆ.
ಆಗಸ್ಟ್ ಒಂದಕ್ಕೆ ಅವನು ಕಡಲಿಗೆ ಹೋದ.
ಆರು ತಿಂಗಳಿಗೆ ಬನ್ನಿ ಎಂದದ್ದಕ್ಕೆ ಬರಲಿಲ್ಲ, ಬಂಗಡೆ ಬಂದಿತ್ತು.

ಮತ್ತೆ ಜೂನ್. ಎಕ್ಸ್‌ರೇ ಬೆಳಕಿಗೆ ಹಿಡಿದೆ.
ಬೇರನ್ನು ಬಳಸಿ ನೂಲಿನಂಥ ಕಪ್ಪು ಗೆರೆ ಮರಳಿದೆ, ಸರಿ.
ಸುತ್ತ ಮೂಳೆ ಬೆಳ್ಳಗಿದೆ, ಸರಿ.
ಅದರಾಚೆ ಅಕ್ಕಿಕಾಳಿನಷ್ಟು ಕಪ್ಪು ಉಳಿದಿದೆ.
"ಕೀವಾ?"
ಅಲ್ಲ, ಕಲೆ. ಹಿಂದೆ ಮುಂದೆ ಎರಡೂ ಕಡೆ ಮೂಳೆ ಹೋದಲ್ಲಿ
ಒಮ್ಮೊಮ್ಮೆ ಬರೀ ನಾರು ಬೆಳೆದು ಬಿಗಿಯುತ್ತದೆ.
ಎಕ್ಸ್‌ರೇಗೆ ನಾರು ತಿಳಿಯುವುದಿಲ್ಲ, ಖಾಲಿ ಎಂದು ತೋರಿಸುತ್ತದೆ.
"ಖಾಲಿ ಅಲ್ಲ."
ಅಲ್ಲ.

ತುಂಬ ಹೊತ್ತು ನೋಡಿದ.
"ಕೂರ್ಮಗಡದಾಚೆ ಒಂದು ಜಾಗ ಉಂಟು ಬಾಯಿ,
ನಮ್ಮ ಮಶಿನ್ನು ಅಲ್ಲಿ ಏನೂ ಇಲ್ಲ ಅಂತ್ಲೇ ತೋರಿಸ್ತದೆ.
ಅಪ್ಪ ಅಲ್ಲಿ ಬಲೆ ಬಿಡ್ತಿರ್ಲಿಲ್ಲ. ನಾನೂ ಬಿಡೂದಿಲ್ಲ."
ಯಾಕೆ ಎಂದು ನಾನು ಕೇಳುವಷ್ಟರಲ್ಲಿ
ದುಡ್ಡು ಎಣಿಸಿಟ್ಟು ಎದ್ದಿದ್ದ.

ಕಿಟಕಿಯಿಂದ ಕಂಡಿತು, ಹೊರಗೆ ಯಾರದೋ ಸ್ಕೂಟರಿನ ಕನ್ನಡಿಗೆ ಬಾಗಿ
ಹೆಬ್ಬೆರಳಿನಿಂದ ತುಟಿ ಎತ್ತಿದ.
ಈಗ ನೋಡಬಹುದು.
ನೋಡುವಂಥದ್ದು ಅಲ್ಲಿ ಏನೂ ಇರಲಿಲ್ಲ.